ನರಗಳಲ್ಲಿ ವಿದ್ಯುತ್ಸಂಚಾರವೂ ಚೇಳಿನ ವಿಷವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಶಿವಾನುಭವದ ಮಾತುಗಳನ್ನು ಕೇಳಿ ತಣಿದಿರುವ ಈ ಮಂಟಪದಲ್ಲಿ ಚೇಳಿನ ಹೆಸರನ್ನೆತ್ತುವದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಸೀಮೆಯ ಒಕ್ಕಲುಮಕ್ಕಳಲ್ಲಿ ಚೇಳನ್ನು ಕಾಣದವರು ಯಾರು? ಬೇಸಗೆ ಬಂದಿತೆಂದರೆ ಎರೆಯ ನೆಲ ಬಾಯ್ಬಿಡುವದು. ಆ ಬಿರುಕುಗಳಲ್ಲಿ, ಹೊಲದ ಒಡ್ಡಿನ ಕಲ್ಲುಗಳ ಕೆಳಗೆ, ಮಣ್ಣಿನ ಮಾಳಿಗೆಯ ತೊಲೆಗಳ ಸಂದಿನಲ್ಲಿ, ಕಣಕಿಯ ಬಣವೆಯಲ್ಲಿ, ಕುಳ್ಳಿನ ರಾಶಿಯಲ್ಲಿ ಈ ಜಂತು ಹಗಲನ್ನು ಕಳೆದು ಇರುಳಿಗೆ ಹೊರಬೀಳುವದು. ನಸುಕಿನಲ್ಲಿ ಒಲೆಗೆಂದು ಕುಳ್ಳಿಗೆ ಕೈ ಹಾಕಿದ ತಾಯಿಗೆ, ಕತ್ತಲಲ್ಲಿ ಬರಿಗಾಲಿನಿಂದ ಅಂಗಳಕ್ಕಿಳಿದ ಮಗುವಿಗೆ, ರಾಶಿಯ ಕಣದಲ್ಲಿ ಚೀಲದ ಮೇಲೆ ಮೈಚಾಚಿದ ಆಳಿಗೆ ಕೊಂಡಿ ತಗಲುವದು. ತಗಲಿದ ಮರುಕ್ಷಣವೇ ಬಾಯಿಂದ ಕೂಗು ಹೊರಡುವದು.

ಕೊಂಡಿ ತಗಲಿದ್ದು ಕಾಲಿನ ಬೆರಳಿಗೆ. ಕೂಗಿದ್ದು ಬಾಯಿ. ಅರಿತದ್ದು ತಲೆಯೊಳಗಿನ ಮಿದುಳು. ಇವುಗಳ ನಡುವೆ ನಾಲ್ಕೈದು ಅಡಿಗಳ ಹಾದಿಯುಂಟು. ಆ ಹಾದಿಯನ್ನು ಅಷ್ಟು ಬೇಗ ಸವೆಸಿದ್ದು ಯಾವದು? ಅದು ಹೇಗೆ ನಡೆಯಿತು? ಈ ಪ್ರಶ್ನೆಗೆ ಉತ್ತರ ದೊರಕಿದ ಮೇಲೆಯೇ ಚೇಳಿನ ವಿಷದಿಂದ ಸಾಯುತ್ತಿದ್ದ ಮಕ್ಕಳನ್ನು ಉಳಿಸುವ ದಾರಿಗೆ ಸರಿಯಾದ ಅರ್ಥ ಬಂದಿತು. ಆದಕಾರಣ ಎರಡನ್ನೂ ಕೂಡಿಯೇ ಹೇಳುವದು ಯೋಗ್ಯ.

ಚೇಳು ಕಡಿಸಿಕೊಂಡವರು ಒಂದು ಸಂಗತಿಯನ್ನು ಬಲ್ಲರು. ಮೊದಲು ಸೂಜಿ ಚುಚ್ಚಿದಂಥ ಚುರುಕು ಬೇನೆ. ಒಂದು ಉಸಿರಿನಷ್ಟು ಹೊತ್ತಿನ ತರುವಾಯ ಉರಿಯಂಥ, ಬೇರೂರಿದಂಥ ಬೇನೆ. ಇವು ಒಂದೇ ಬೇನೆಯ ಎರಡು ಅವಸ್ಥೆಗಳಲ್ಲ, ಎರಡು ಬೇರೆ ನರತಂತುಗಳಲ್ಲಿ ಹೊರಟ ಎರಡು ಸುದ್ದಿಗಳು. ಮೊದಲನೆಯದು ಕೊಬ್ಬಿನ ಹೊದಿಕೆಯುಳ್ಳ ತಂತುವಿನಲ್ಲಿ ಕ್ಷಣಕ್ಕೆ ಹತ್ತಿಪ್ಪತ್ತು ಮೀಟರುಗಳ ವೇಗದಿಂದ ಓಡುವದು. ಎರಡನೆಯದು ಹೊದಿಕೆಯಿಲ್ಲದ ಬಲು ಸಣ್ಣ ತಂತುವಿನಲ್ಲಿ ಕ್ಷಣಕ್ಕೆ ಸುಮಾರು ಒಂದೇ ಮೀಟರು ನಡೆಯುವದು. ಎಂದರೆ ಹೊಲದಿಂದ ಮನೆಗೆ ಮರಳುವ ಎತ್ತಿನ ನಡಿಗೆ. ಕಾಲ್ಬೆರಳಿನಿಂದ ಅದು ತಲೆಗೆ ಮುಟ್ಟುವಷ್ಟರಲ್ಲಿ ಮೊದಲಿನ ಸುದ್ದಿ ಯಾವಾಗಲೋ ಮುಟ್ಟಿ, ಕಾಲು ಹಿಂದೆ ಸರಿದೂ ಆಗಿರುವದು.

ಹಿಂದಿನವರು ಈ ವೇಗವನ್ನು ಅಳೆಯಲಾಗದೆಂದೇ ಎಣಿಸಿದ್ದರು. ಜರ್ಮನಿಯ ಹೆಸರಾಂತ ಶರೀರಶಾಸ್ತ್ರಜ್ಞ ಯೋಹಾನೆಸ್ ಮ್ಯುಲ್ಲರನು ಹಾಗೆಯೇ ಬರೆದನು. ಅವನ ಶಿಷ್ಯನಾದ ಹೆಲ್ಮ್‌ಹೋಲ್ಟ್ಜನು ಗುರುವಿನ ಮಾತಿಗೆ ಕಟ್ಟುಬೀಳದೆ 1850ರಲ್ಲಿ ಕಪ್ಪೆಯ ನರವನ್ನು ತೆಗೆದುಕೊಂಡು, ಸ್ನಾಯುವಿಗೆ ಸಮೀಪದಲ್ಲಿ ಒಮ್ಮೆ, ದೂರದಲ್ಲಿ ಒಮ್ಮೆ ವಿದ್ಯುತ್ತನ್ನು ತಾಕಿಸಿ, ಸ್ನಾಯು ಜಗ್ಗಿದ ಹೊತ್ತಿನ ಅಂತರವನ್ನು ಅಳೆದನು. ಕ್ಷಣಕ್ಕೆ ಸುಮಾರು 27 ಮೀಟರು ಎಂದು ಲೆಕ್ಕ ಬಂದಿತು. ಶಿಷ್ಯನು ಗುರುವನ್ನು ತಿದ್ದಿದ್ದು ಗುರುದ್ರೋಹವೆಂದು ಮ್ಯುಲ್ಲರನ ಬಳಗದವರು ಎಣಿಸಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಕಪ್ಪೆಯ ಕಾಲಿಗೂ ವಿದ್ಯುತ್ತಿಗೂ ನಂಟಿರುವದನ್ನು ಇಟಲಿಯ ಗ್ಯಾಲ್ವಾನಿಯು 1791ರಷ್ಟು ಹಿಂದೆಯೇ ಪ್ರಕಟಿಸಿದ್ದನು. ಆದರೆ ತಂತಿಯಲ್ಲಿ ಹರಿಯುವ ವಿದ್ಯುತ್ತಿನ ವೇಗವೆಲ್ಲಿ, ಕ್ಷಣಕ್ಕೆ 27 ಮೀಟರೆಲ್ಲಿ! ನರದಲ್ಲಿ ಸಾಗುವದು ವಿದ್ಯುತ್ತೇ ಆಗಿದ್ದರೂ ತಂತಿಯಲ್ಲಿ ಸಾಗುವಂತೆ ಸಾಗುವದಿಲ್ಲವೆಂಬುದು ಅಂದಿಗೇ ಸ್ಪಷ್ಟವಾಯಿತು.

ಹಾಗಾದರೆ ಹೇಗೆ? ಜಾತ್ರೆಯಲ್ಲಿ ಮದ್ದು ಸುಡುವಾಗ ಮದ್ದಿನ ಬತ್ತಿಗೆ ಒಂದು ತುದಿಯಲ್ಲಿ ಕಿಡಿ ಮುಟ್ಟಿಸುವರು. ಕಿಡಿಯು ಈ ತುದಿಯಿಂದ ಆ ತುದಿಗೆ ಓಡಿತೆಂದು ಕಣ್ಣಿಗೆ ಕಾಣುವದು. ನಿಜವಾಗಿ ಓಡಿದ ಕಿಡಿ ಯಾವದೂ ಇಲ್ಲ. ಉರಿದ ಪ್ರತಿಯೊಂದು ಕಾಳೂ ತನ್ನ ನೆರೆಯ ಕಾಳಿಗೆ ಬಿಸಿ ಮುಟ್ಟಿಸಿತು, ನೆರೆಯದು ತನ್ನೊಳಗಿನ ಮದ್ದಿನಿಂದಲೇ ಉರಿಯಿತು. ಆದುದರಿಂದ ಬತ್ತಿ ಎಷ್ಟೇ ಉದ್ದವಿರಲಿ, ಕೊನೆಯ ಕಿಡಿ ಮೊದಲಿನ ಕಿಡಿಯಷ್ಟೇ ಬಲವಾಗಿರುವದು. ನರದ ತುಡಿತವೂ ಹೀಗೆಯೇ. ಅಂಗುಲ ಅಂಗುಲಕ್ಕೂ ಅದು ಹೊಸದಾಗಿ ಹುಟ್ಟುವದು. ಭೇದವಿಷ್ಟೇ: ಉರಿದ ಬತ್ತಿ ಬೂದಿಯಾಗಿ ಬೀಳುವದು, ನರವು ಒಂದೆರಡು ಸಾವಿರಾಂಶ ಕ್ಷಣದಲ್ಲಿ ತನ್ನ ಮದ್ದನ್ನು ತಾನೇ ತುಂಬಿಕೊಂಡು ಮತ್ತೆ ಉರಿಯಲು ಸಿದ್ಧವಾಗುವದು.

ಈ ಮದ್ದು ಯಾವದು? ಕೇಳಿದರೆ ನಗೆ ಬರುವಷ್ಟು ಸಾದಾ ವಸ್ತು. ಅಡುಗೆಯ ಉಪ್ಪು ಮತ್ತು ಒಲೆಯ ಬೂದಿ. ಉಪ್ಪಿನಲ್ಲಿರುವ ಸೋಡಿಯಮ್ ಒಂದು, ಗಿಡಮರಗಳ ಬೂದಿಯಲ್ಲಿರುವ ಪೊಟ್ಯಾಸಿಯಮ್ ಇನ್ನೊಂದು. ಬೂದಿಯಿಂದ ತೆಗೆದ ಕ್ಷಾರಕ್ಕೆ ಇಂಗ್ಲಿಷಿನಲ್ಲಿ ಪೊಟ್ಯಾಶ್ ಎನ್ನುವರು. ಪೊಟ್ಯಾಸಿಯಮ್ಮಿನ ಹೆಸರು ಅದರಿಂದಲೇ ಬಂದದ್ದು. ಇಂಗ್ಲಂಡದ ಹಂಫ್ರಿ ಡೇವಿಯು ಈ ಎರಡನ್ನೂ 1807ನೆಯ ಇಸವಿಯಲ್ಲಿ ಮೊದಲು ಬೇರ್ಪಡಿಸಿದ್ದು ವಿದ್ಯುತ್ತಿನ ಬಲದಿಂದ. ನೀರಿನಲ್ಲಿ ಕರಗಿದಾಗ ಇವುಗಳ ಒಂದೊಂದು ಕಣವೂ ಒಂದೊಂದು ವಿದ್ಯುದಂಶವನ್ನು ಹೊತ್ತಿರುವದು. ಇಂಥ ಕಣಕ್ಕೆ ಶಾಸ್ತ್ರಜ್ಞರು ಅಯಾನು ಎಂದು ಹೆಸರಿಟ್ಟಿದ್ದಾರೆ.

ಪ್ರತಿಯೊಂದು ನರಕೋಶಕ್ಕೂ ಒಂದು ತೆಳುಪೊರೆಯ ಗೋಡೆಯುಂಟು. ಗೋಡೆಯ ಹೊರಗಿನ ರಸದಲ್ಲಿ ಸೋಡಿಯಮ್ ಹೆಚ್ಚು, ಒಳಗಿಗಿಂತ ಹತ್ತುಪಟ್ಟಿಗೂ ಮಿಕ್ಕಿ. ಒಳಗಡೆ ಪೊಟ್ಯಾಸಿಯಮ್ ಹೆಚ್ಚು, ಹೊರಗಿಗಿಂತ ಮೂವತ್ತು ಪಟ್ಟು. ಈ ಏರುಪೇರು ತಾನಾಗಿ ಉಂಟಾದದ್ದಲ್ಲ. ಗೋಡೆಯಲ್ಲಿ ಲಕ್ಷಗಟ್ಟಲೆ ಏತಗಳಿದ್ದು ಅವು ಹಗಲಿರುಳೂ ಮೂರು ಸೋಡಿಯಮ್ ಕಣಗಳನ್ನು ಹೊರಗೆ ಎತ್ತಿಹಾಕಿ ಎರಡು ಪೊಟ್ಯಾಸಿಯಮ್ ಕಣಗಳನ್ನು ಒಳಗೆ ಎಳೆದುಕೊಳ್ಳುತ್ತಿರುವವು. ಡೆನ್ಮಾರ್ಕಿನ ಯೆನ್ಸ್ ಸ್ಕೌ ಎಂಬವರು 1957ರಲ್ಲಿ ಏಡಿಯ ನರದಲ್ಲಿ ಈ ಏತವನ್ನು ಕಂಡುಹಿಡಿದರು. ನಾಲ್ವತ್ತು ವರುಷಗಳ ತರುವಾಯ, 1997ರಲ್ಲಿ, ಅವರಿಗೆ ನೋಬೆಲ್ ಪಾರಿತೋಷಕ ದೊರೆಯಿತು. ಮನುಷ್ಯನು ಸುಮ್ಮನೆ ಕುಳಿತಿರುವಾಗಲೂ ಉಂಡ ರೊಟ್ಟಿಯ ಬಲದಲ್ಲಿ ಐದರಲ್ಲೊಂದು ಪಾಲನ್ನು ಮಿದುಳೊಂದೇ ತಿಂದುಹಾಕುವದು. ಅದರಲ್ಲಿಯ ದೊಡ್ಡ ಪಾಲು ಈ ಏತಗಳ ಕೂಲಿಗೇ ವೆಚ್ಚವಾಗುವದು.

ಹೀಗೆ ನಿಂತ ಏರುಪೇರಿನಿಂದ ಗೋಡೆಯ ಒಳಮೈಗೂ ಹೊರಮೈಗೂ ಒಂದು ವೋಲ್ಟಿನ ನೂರರಲ್ಲಿ ಏಳು ಪಾಲಿನಷ್ಟು ವಿದ್ಯುತ್ತಿನ ಅಂತರವುಂಟು. ಬ್ಯಾಟರಿಯ ಸೆಲ್ಲಿನದು ಒಂದೂವರೆ ವೋಲ್ಟು. ಅದರ ಮುಂದೆ ಇದು ಏನೂ ಅಲ್ಲವೆನಿಸಬಹುದು. ಆದರೆ ಗೋಡೆಯ ದಪ್ಪವನ್ನೂ ನೋಡಬೇಕು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಏಳೆಂಟು ಪಾಲಿನಷ್ಟು ಮಾತ್ರ ಅದರ ದಪ್ಪ. ಅಷ್ಟು ತೆಳುವಿನ ಎರಡು ಬದಿಗೆ ಅಷ್ಟು ಅಂತರವೆಂದರೆ ಸೆಂಟಿಮೀಟರಿಗೆ ಸುಮಾರು ಒಂದು ಲಕ್ಷ ವೋಲ್ಟಿನ ಬಿಗಿ. ಇಂಥ ಬಿಗಿಯನ್ನು ಹೊತ್ತುಕೊಂಡೇ ಜೀವಿಯು ನಿದ್ರೆಮಾಡುವದು, ನಗುವದು, ಪೂಜೆಗೆ ಕುಳಿತುಕೊಳ್ಳುವದು.

ಆಲಮಟ್ಟಿಯ ಅಣೆಕಟ್ಟನ್ನು ಈ ಸೀಮೆಯವರೆಲ್ಲರೂ ಕಂಡಿದ್ದಾರೆ. ಕೃಷ್ಣೆ ತುಂಬಿ ನಿಂತಾಗ ನೀರು ಸುಮ್ಮನೆ ನಿಂತಂತೆ ತೋರುವದು. ಅದರ 26 ಬಾಗಿಲುಗಳಲ್ಲಿ ಒಂದನ್ನು ಎತ್ತಿದರೆ ತಿಳಿಯುವದು ಅದರ ಸೊಕ್ಕು. ನರಕೋಶದ ಗೋಡೆಯಲ್ಲಿಯೂ ಬಾಗಿಲುಗಳಿವೆ. ಸೋಡಿಯಮ್ಮಿಗೆ ಬೇರೆ, ಪೊಟ್ಯಾಸಿಯಮ್ಮಿಗೆ ಬೇರೆ. ಒಂದರಲ್ಲಿ ಇನ್ನೊಂದು ಹೋಗದಂಥ ಬಿಗಿ ಕಾವಲು. ಆಲಮಟ್ಟಿಯ ಬಾಗಿಲನ್ನೆತ್ತಲು ಎಂಜಿನಿಯರರ ಅಪ್ಪಣೆ ಬೇಕು. ಈ ಬಾಗಿಲುಗಳು ನೆರೆಯಲ್ಲಿಯ ವಿದ್ಯುತ್ತಿನ ಅಂತರ ಕುಗ್ಗಿತೆಂದರೆ ತಾವೇ ತೆರೆದುಕೊಳ್ಳುವವು. ತೆರೆದೊಡನೆ ಹೊರಗಿನ ಸೋಡಿಯಮ್ ಒಳನುಗ್ಗುವದು. ಒಳಗು ಹೊರಗಿನ ಅಂತರ ತಲೆಕೆಳಗಾಗುವದು. ಅದರಿಂದ ಮುಂದಿನ ಬಾಗಿಲು ತೆರೆಯುವದು, ಅದರಿಂದ ಅದರ ಮುಂದಿನದು. ಇದೇ ಮದ್ದಿನ ಬತ್ತಿಯ ಓಟ. ಅಷ್ಟರಲ್ಲಿ ಹಿಂದುಳಿದ ಸೋಡಿಯಮ್ ಬಾಗಿಲುಗಳು ಮುಚ್ಚಿ, ಪೊಟ್ಯಾಸಿಯಮ್ ಬಾಗಿಲುಗಳು ತೆರೆದು, ಒಳಗಿನ ಪೊಟ್ಯಾಸಿಯಮ್ ಹೊರಬಿದ್ದು, ಅಂತರವು ಮೊದಲಿನಂತೆ ನಿಲ್ಲುವದು. ಇದಿಷ್ಟೂ ಕ್ಷಣದ ಸಾವಿರದ ಒಂದೆರಡು ಪಾಲಿನಲ್ಲಿ ಮುಗಿದುಹೋಗುವ ಕಥೆ. ಹೊದಿಕೆಯುಳ್ಳ ತಂತುವಿನಲ್ಲಿಯಾದರೋ ಈ ಬಾಗಿಲುಗಳು ಹೊದಿಕೆಯ ನಡುನಡುವಿನ ಗೆಣ್ಣುಗಳಲ್ಲಿ ಮಾತ್ರ ಗುಂಪುಗೂಡಿರುವದರಿಂದ ತುಡಿತವು ಗೆಣ್ಣಿನಿಂದ ಗೆಣ್ಣಿಗೆ ಜಿಗಿಯುತ್ತ ಸಾಗುವದು. ಹೊದಿಕೆಯ ತಂತು ವೇಗದ್ದಾಗಿರಲು ಇದೇ ಕಾರಣ.

ಇದನ್ನು ಬಿಡಿಸಿ ತೋರಿಸಿದವರು ಕೇಂಬ್ರಿಜದ ಅಲನ್ ಹಾಜ್ಕಿನ್ ಮತ್ತು ಆಂಡ್ರೂ ಹಕ್ಸ್‌ಲಿ. ಅವರಿಗೆ ನೆರವಾದದ್ದು ಸ್ಕ್ವಿಡ್ ಎಂಬ ಕಡಲಜೀವಿ. ಮನುಷ್ಯನ ನರತಂತು ಕೂದಲಿಗಿಂತಲೂ ಎಷ್ಟೋ ಸಣ್ಣದು. ಸ್ಕ್ವಿಡ್ಡಿನ ಒಂದು ತಂತುವು ಹೊಲಿಗೆಯ ದಾರದಷ್ಟು ದಪ್ಪ. 1939ರಲ್ಲಿ ಅವರು ಅದರೊಳಕ್ಕೆ ನವುರಾದ ಕಡ್ಡಿಯನ್ನು ಇಳಿಸಿ ತುಡಿತವನ್ನು ಒಳಗಿನಿಂದಲೇ ಅಳೆದರು. ಕೆಲವೇ ವಾರಗಳಲ್ಲಿ ಯುದ್ಧ ಹತ್ತಿತು, ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ಮತ್ತೆ ಕೈಗೆತ್ತಿಕೊಂಡು, ಕೈಯಿಂದ ತಿರುವುವ ಲೆಕ್ಕದ ಯಂತ್ರದ ಮೇಲೆ ಗಣಿತ ಮಾಡಿ 1952ರಲ್ಲಿ ತಮ್ಮ ಸಿದ್ಧಾಂತವನ್ನು ಹೊರಗೆಡಹಿದರು. 1963ರಲ್ಲಿ ಅವರಿಗೆ ನೋಬೆಲ್ ಪಾರಿತೋಷಕ ಬಂದಿತು. ಅವರು ಬಾಗಿಲುಗಳನ್ನು ಕಣ್ಣಿಂದ ಕಂಡವರಲ್ಲ, ಗಣಿತದಿಂದ ಊಹಿಸಿದವರು. ಒಂದೇ ಬಾಗಿಲಿನೊಳಗಿಂದ ಹಾಯುವ ಪ್ರವಾಹವನ್ನು ನೆಹರ್ ಮತ್ತು ಸಾಕ್‌ಮನ್ನರು 1976ರಲ್ಲಿ ಅಳೆದು ತೋರಿಸಿದಾಗ ಆ ಊಹೆ ಎಷ್ಟು ಸರಿಯಾಗಿತ್ತೆಂಬುದು ಲೋಕಕ್ಕೆ ತಿಳಿಯಿತು.

ಇನ್ನೊಂದು ಮಾತು. ಇರುವೆ ಕಡಿದಾಗ ಏಳುವ ತುಡಿತ ಸಣ್ಣದು, ಚೇಳು ಕಡಿದಾಗ ಏಳುವದು ದೊಡ್ಡದು ಎಂದು ತೋರುವದು ಸಹಜ. ಹಾಗಿಲ್ಲ. ಒಂದು ತಂತುವಿನಲ್ಲಿ ಏಳುವ ತುಡಿತಗಳೆಲ್ಲ ಒಂದೇ ಗಾತ್ರದವು. ಎದ್ದರೆ ಪೂರ್ತಿ ಏಳುವದು, ಇಲ್ಲವಾದರೆ ಇಲ್ಲವೇ ಇಲ್ಲ. ಬೇನೆಯ ಹೆಚ್ಚುಕಡಿಮೆಯೆಲ್ಲ ಎಣಿಕೆಯಲ್ಲಿ, ಕ್ಷಣಕ್ಕೆ ಎಷ್ಟು ತುಡಿತ ಎಂಬುದರಲ್ಲಿ ಇರುವದು. ಇದನ್ನು ತೋರಿಸಿದವರು ಕೇಂಬ್ರಿಜದವರೇ ಆದ ಏಡ್ರಿಯನ್ನರು. ಚೇಳಿನ ವಿಷದ ಗುಟ್ಟು ಈ ಎಣಿಕೆಯಲ್ಲಿಯೇ ಅಡಗಿದೆ.

ಸೋಡಿಯಮ್ ಬಾಗಿಲಿಗೆ ಕದವೊಂದೇ ಅಲ್ಲ, ಒಳಬದಿಯಲ್ಲಿ ಒಂದು ಬಿರಡೆಯೂ ಉಂಟು. ಕದ ತೆರೆದ ಸ್ವಲ್ಪದರಲ್ಲಿಯೇ ಬಿರಡೆ ಬಂದು ಬಾಯಿಗೆ ಕೂಡ್ರುವದು, ಹರಿವು ನಿಲ್ಲುವದು. ತುಡಿತವು ಒಂದು ತುಡಿತವಾಗಿ ಮುಗಿಯುವದು ಈ ಬಿರಡೆಯ ದೆಸೆಯಿಂದ. ಕೆಂಪು ಚೇಳಿನ ವಿಷದಲ್ಲಿ ಹಲವು ಬಗೆಯ ಸಣ್ಣ ಪ್ರೋಟೀನುಗಳಿವೆ. ಅವುಗಳಲ್ಲಿ ಒಂದು ಬಗೆಯವು ಬಾಗಿಲಿನ ಹೊರಮೈಗೆ ಅಂಟಿಕೊಂಡು, ಬಿರಡೆ ಬೀಳಬೇಕಾದ ಹೊತ್ತಿಗೆ ಬೀಳದಂತೆ ತಡೆಹಿಡಿಯುವವು. ಸೋಡಿಯಮ್ ಒಳಕ್ಕೆ ಹರಿಯುತ್ತಲೇ ಇರುವದು. ಒಮ್ಮೆ ತುಡಿಯಬೇಕಾದ ನರವು ಹತ್ತುಸಲ, ನೂರುಸಲ ತುಡಿಯುವದು. ಯಾರೂ ಕರೆಯದೆ ಗುಡಿಯ ಗಂಟೆ ತಾನೇ ಬಾರಿಸುತ್ತಿದ್ದಂತೆ. ಹಲ್ಲು ಕೀಳುವಾಗ ಡಾಕ್ಟರರು ಚುಚ್ಚುವ ಲಿಗ್ನೋಕೇನು ಇದಕ್ಕೆ ತೀರ ವಿರುದ್ಧ. ಅದು ಇದೇ ಸೋಡಿಯಮ್ ಬಾಗಿಲನ್ನು ಮುಚ್ಚಿಬಿಡುವದು, ಸುದ್ದಿಯೇ ಹೊರಡುವದಿಲ್ಲ. ಚೇಳು ಕಡಿದ ಜಾಗದ ಬೇನೆಗೂ ಈ ಔಷಧವನ್ನೇ ಚುಚ್ಚುವದುಂಟು. ಮುಳ್ಳನ್ನು ಮುಳ್ಳಿನಿಂದ ತೆಗೆಯುವ ಮಾತು ಇಲ್ಲಿ ಅಕ್ಷರಶಃ ಸಲ್ಲುವದು.

ಬೇನೆಯೊಂದೇ ಆಗಿದ್ದರೆ ಭಯಪಡಬೇಕಾದುದಿಲ್ಲ. ಚೇಳುಗಳಲ್ಲಿಯೂ ಭೇದವಿದೆ. ದಪ್ಪ ಇಕ್ಕಳದ, ದೊಡ್ಡ ಮೈಯ ಕರಿಚೇಳು ನೋಡಲು ಭೀಕರ. ಅದರ ವಿಷ ಸೌಮ್ಯ. ಸಪೂರ ಇಕ್ಕಳದ, ದಪ್ಪ ಬಾಲದ, ಬೆರಳುದ್ದದ ಕೆಂಪುಚೇಳೇ ಪ್ರಾಣಕ್ಕೆ ಎರವಾಗತಕ್ಕದ್ದು. ಮಹಾರಾಷ್ಟ್ರ, ಕರ್ನಾಟಕ, ಆಂಧ್ರಗಳ ಒಣ ಬಯಲಿನಲ್ಲಿಯೂ ಕೊಂಕಣದಲ್ಲಿಯೂ ಅದು ಉಂಟು. ಅದರ ವಿಷವು ರಕ್ತದಲ್ಲಿ ಕೂಡಿದಾಗ ಬೇನೆಯ ನರಗಳನ್ನಷ್ಟೇ ಅಲ್ಲ, ಮನುಷ್ಯನ ಇಚ್ಛೆಗೆ ಒಳಪಡದೆ ಹೃದಯ, ರಕ್ತನಾಳ, ಬೆವರು, ಜೊಲ್ಲುಗಳನ್ನು ಆಳುವ ನರಗಳನ್ನೂ ತುಡಿಸತೊಡಗುವದು. ಮೊದಲು ವಾಂತಿ, ಮೈತುಂಬ ಬೆವರು, ಬಾಯಲ್ಲಿ ಜೊಲ್ಲು. ತರುವಾಯ ರಕ್ತನಾಳಗಳು ಬಿಗಿದು ಕೈಕಾಲು ತಣ್ಣಗಾಗುವವು, ನಾಡಿ ಓಡುವದು, ಹೃದಯವು ಬಿಗಿದ ನಾಳಗಳ ಎದುರು ರಕ್ತವನ್ನು ನೂಕಿ ನೂಕಿ ಸೋಲುವದು, ಶ್ವಾಸಕೋಶದಲ್ಲಿ ನೀರು ತುಂಬಿ ಮಗು ಏದುಸಿರು ಬಿಡುವದು. ಇದೆಲ್ಲ ಕೆಲವೇ ತಾಸುಗಳ ಮಾತು. ವಿಷದ ಪ್ರಮಾಣ ದೊಡ್ಡವರಿಗೂ ಚಿಕ್ಕವರಿಗೂ ಒಂದೇ, ಮೈಯ ತೂಕ ಮಾತ್ರ ಬೇರೆ; ಆದಕಾರಣ ಸಾವು ಮಕ್ಕಳನ್ನೇ ಆಯ್ದುಕೊಳ್ಳುವದು.

ಇಲ್ಲಿ ಮಂತ್ರದ ವಿಚಾರವನ್ನು ಎತ್ತದೆ ವಿಧಿಯಿಲ್ಲ. ಹಳ್ಳಿಹಳ್ಳಿಗೂ ಚೇಳಿನ ಮಂತ್ರ ಬಲ್ಲವರುಂಟು. ಬೂದಿ ಮಂತ್ರಿಸಿ ನೀವಿ ಇಳಿಸುವರು, ಹುಣಸೇಬೀಜವನ್ನು ಕಲ್ಲಿಗೆ ತೇಯ್ದು ಕಡಿದ ಜಾಗಕ್ಕೆ ಅಂಟಿಸುವರು, ಉಳ್ಳಾಗಡ್ಡಿಯನ್ನು ತಿಕ್ಕುವರು. ಇವರೆಲ್ಲ ಮೋಸಗಾರರೆಂದು ಹೇಳುವದು ಅನ್ಯಾಯ. ಹಣ ಮುಟ್ಟದೆ, ಅರ್ಧರಾತ್ರಿಯಲ್ಲೆದ್ದು ಬರುವ ಸಜ್ಜನರೇ ಅವರಲ್ಲಿ ಹಲವರು. ಬೇನೆ ಇಳಿಯುವದೂ ನಿಜ. ಇಳಿಯಲು ಕಾರಣ ಬೇರೆ. ಚೇಳು ಕಡಿದವರಲ್ಲಿ ಬಹುಮಂದಿಗೆ ಬೇನೆಯ ಹೊರತು ಇನ್ನೇನೂ ಆಗುವದಿಲ್ಲ, ಆ ಬೇನೆಯೂ ಕೆಲವು ತಾಸುಗಳಲ್ಲಿ ತಾನಾಗಿ ತಗ್ಗುವದು. ತಗ್ಗಿದ ಕೀರ್ತಿ ಮಂತ್ರಕ್ಕೆ ಸಲ್ಲುವದು. ಅದಲ್ಲದೆ ನೀವುವದರಿಂದಲೇ ಬೇನೆ ಕೊಂಚ ಕಡಿಮೆಯಾಗುವದು. ಸ್ಪರ್ಶದ ನರಗಳಲ್ಲಿ ಹರಿದ ತುಡಿತಗಳು ಬೆನ್ನುಹುರಿಯಲ್ಲಿ ಬೇನೆಯ ತುಡಿತಗಳಿಗೆ ಅಡ್ಡಗಟ್ಟುವವೆಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿದ್ವಾಂಸರು 1965ರಲ್ಲಿ ಪ್ರತಿಪಾದಿಸಿದರು. ಎಡವಿದ ಬೆರಳನ್ನು ತಾಯಿ ತಿಕ್ಕಿದಾಗ ಮಗು ಸುಮ್ಮನಾಗುವದಕ್ಕೂ ಇದೇ ಕಾರಣ. ಯಾದಗಿರಿ ಜಿಲ್ಲೆಯ ಕಂದಕೂರಿನ ಗುಡ್ಡದಲ್ಲಿ ನಾಗರಪಂಚಮಿಯ ದಿನ ಜನರು ಚೇಳುಗಳನ್ನು ಅಂಗೈಮೇಲೆ, ಮುಖದ ಮೇಲೆ ಹರಿದಾಡಿಸುವದನ್ನು ಕಂಡು ಬಂದವರು ಬೆರಗಾಗುವರು. ಮೈಮೇಲೆ ಒತ್ತಡ ಬೀಳದಿದ್ದರೆ, ಬೆದರಿಸದಿದ್ದರೆ ಚೇಳು ತನ್ನ ವಿಷವನ್ನು ಸುಮ್ಮನೆ ಚೆಲ್ಲುವ ಪ್ರಾಣಿಯಲ್ಲ. ಬೇಟೆಗೆಂದು ಕೂಡಿಸಿಟ್ಟ ಅದರ ಗಂಟು ಅದು.

ದುಃಖದ ಸಂಗತಿಯೆಂದರೆ, ನೂರು ಜನರಲ್ಲಿ ಮಂತ್ರ ಫಲಿಸಿದಂತೆ ತೋರಿದ್ದರಿಂದಲೇ ಕೆಂಪುಚೇಳಿನ ವಿಷವೇರಿದ ಮಗುವನ್ನೂ ಅದೇ ಕಟ್ಟೆಯ ಮೇಲೆ ಕೂಡ್ರಿಸುವರು. ಬೇನೆ ಇಳಿಯಿತೇ ಎಂದು ಕೇಳುವರು. ಬೆವರು ಹರಿಯುತ್ತಿದೆಯೇ, ಕೈಕಾಲು ತಣ್ಣಗಾಗಿವೆಯೇ ಎಂದು ಮುಟ್ಟಿ ನೋಡುವದಿಲ್ಲ. ಅಲ್ಲಿ ಕಳೆಯುವ ಎರಡು ತಾಸು ಮಗುವಿನ ಆಯುಷ್ಯದ ಲೆಕ್ಕದಲ್ಲಿ ಬಹು ದುಬಾರಿ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಅನುಯಾಯಿಗಳಿಗೆ ಕುರುಡು ನಂಬಿಗೆಯ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ.

ಈ ಮರಣಕ್ಕೆ ತಡೆಯೊಡ್ಡಿದ ಕಥೆ ದೊಡ್ಡ ಪಟ್ಟಣದ್ದಲ್ಲ. ಮಹಾರಾಷ್ಟ್ರದ ಕೊಂಕಣದಲ್ಲಿ ಮಹಾಡದ ಹತ್ತಿರ ಬಿರವಾಡಿಯೆಂಬ ಊರಿದೆ. ಅಲ್ಲಿಯ ಸರಕಾರಿ ಆರೋಗ್ಯ ಕೇಂದ್ರಕ್ಕೆ 1976ರಲ್ಲಿ ಹಿಮ್ಮತರಾವ ಬಾವಸ್ಕರ ಎಂಬ ತರುಣ ವೈದ್ಯರು ಬಂದರು. ಬಡ ಒಕ್ಕಲು ಮನೆತನದವರು. ಚೇಳು ಕಡಿದು ಬಂದ ಮಕ್ಕಳು ಕಣ್ಣೆದುರಿಗೇ ಸಾಯುತ್ತಿದ್ದರು. ಪುಸ್ತಕಗಳಲ್ಲಿ ಹೇಳಿದ ಔಷಧ ಯಾವದೂ ನಡೆಯುತ್ತಿರಲಿಲ್ಲ. ಅವರು ರೋಗಿಯ ಮಗ್ಗುಲಲ್ಲಿ ರಾತ್ರಿಯಿಡೀ ಕುಳಿತು ನಾಡಿ, ಬೆವರು, ರಕ್ತದೊತ್ತಡಗಳನ್ನು ತಾಸುತಾಸಿಗೆ ಬರೆದಿಟ್ಟರು. ಆ ಟಿಪ್ಪಣಿಗಳಿಂದ ಎದ್ದ ಲೇಖನವು 1982ರಲ್ಲಿ ಇಂಗ್ಲಂಡದ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಕೊಲ್ಲುವದು ನರಗಳ ಹುಚ್ಚು ತುಡಿತದಿಂದ ಉಂಟಾದ ರಕ್ತನಾಳಗಳ ಬಿಗಿತವೆಂದು ಅವರಿಗೆ ಮನವರಿಕೆಯಾಯಿತು. ಹಾಗಿದ್ದಲ್ಲಿ ಬಿಗಿತವನ್ನು ಸಡಿಲಿಸುವ ಔಷಧವೇ ಬೇಕು. ರಕ್ತದೊತ್ತಡಕ್ಕೆಂದು ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಅದಕ್ಕೆ ಒದಗಿಬಂದಿತು. ನರವು ಎಷ್ಟು ಕೂಗಿದರೂ ಆ ಕೂಗನ್ನು ಕೇಳಿಸಿಕೊಳ್ಳುವ ರಕ್ತನಾಳದ ಕಿವಿಯನ್ನು ಈ ಮಾತ್ರೆ ಮುಚ್ಚುವದು. ನಾಳಗಳು ಸಡಿಲುವವು, ಹೃದಯದ ಹೊರೆ ಇಳಿಯುವದು. 1986ರಲ್ಲಿ ಇದೂ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಬಾವಸ್ಕರರೂ ಅವರ ಪತ್ನಿ, ವೈದ್ಯರೇ ಆದ ಪ್ರಮೋದಿನಿಯವರೂ ಬರೆದಂತೆ, ವಿಷವೇರಿದವರಲ್ಲಿ ಮೊದಲು ನೂರಕ್ಕೆ ಇಪ್ಪತ್ತೈದು ಮೂವತ್ತು ಮಂದಿ ಸಾಯುತ್ತಿದ್ದುದು ಆ ತರುವಾಯ ನೂರಕ್ಕೆ ಒಂದಕ್ಕಿಂತಲೂ ಕಡಿಮೆಗೆ ಇಳಿಯಿತು. 2011ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಅಚ್ಚಾದ, 70 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಮಾತ್ರೆಯ ಸಂಗಡ ಚೇಳಿನ ಪ್ರತಿವಿಷವನ್ನೂ ಕೊಟ್ಟವರು ಇನ್ನೂ ಬೇಗ ಚೇತರಿಸಿಕೊಂಡದ್ದು ಕಂಡುಬಂದಿತು. ಭಾರತ ಸರಕಾರವು 2022ರಲ್ಲಿ ಅವರಿಗೆ ಪದ್ಮಶ್ರೀಯನ್ನಿತ್ತು ಗೌರವಿಸಿತು. ಬಹಳ ತಡವಾಗಿ ಎಂದು ಹೇಳದೆ ಇರಲಾಗದು.

ಹಾವಿನ ವಿಷಕ್ಕೂ ಇದಕ್ಕೂ ಗೊಂದಲ ಮಾಡಿಕೊಳ್ಳಬಾರದು. ನಾಗರಹಾವಿನ ವಿಷ ನರದ ಬಾಗಿಲುಗಳ ಗೊಡವೆಗೆ ಹೋಗುವದಿಲ್ಲ. ನರದ ತುದಿಯಿಂದ ಸ್ನಾಯುವಿಗೆ ಸುದ್ದಿ ಮುಟ್ಟಿಸುವ ರಸವನ್ನು ಸ್ನಾಯು ಸ್ವೀಕರಿಸದಂತೆ ಅದು ಅಡ್ಡನಿಲ್ಲುವದು. ರೆಪ್ಪೆ ಜೋಲುವದು, ಉಸಿರಾಟದ ಸ್ನಾಯು ನಿಲ್ಲುವದು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವ, ಕಪ್ಪು ಮೈಗೆ ಬಿಳಿ ಪಟ್ಟಿಗಳುಳ್ಳ ಹಾವಿನದು ಮತ್ತೂ ಕಪಟದ ವಿಷ. ನರದ ತುದಿಯನ್ನೇ ಕೆಡಿಸುವದು, ಬೇನೆಯೇ ಇರುವದಿಲ್ಲ. ಒಂದರಲ್ಲಿ ನರಗಳ ಅತಿಮಾತು, ಇನ್ನೊಂದರಲ್ಲಿ ಮೌನ. ಆದಕಾರಣ ಕಡಿದದ್ದು ಯಾವದೆಂದು ವೈದ್ಯರಿಗೆ ತಿಳಿಸುವದು ಬಹು ಮುಖ್ಯ.

ಕೆಂಪುಚೇಳಿನ ಇನ್ನೊಂದು ಉಪಕಾರವನ್ನೂ ಹೇಳಬೇಕು. 1990ರಲ್ಲಿ ಅಮೇರಿಕೆಯ ಸಂಶೋಧಕರು ಅದರ ವಿಷದಿಂದ 37 ಕೊಂಡಿಗಳ ಸರಪಳಿಯಂಥ ಒಂದು ಸಣ್ಣ ಪ್ರೋಟೀನನ್ನು ಬೇರ್ಪಡಿಸಿ ಐಬೀರಿಯೊಟಾಕ್ಸಿನ್ ಎಂದು ಕರೆದರು. ಅದು ಪೊಟ್ಯಾಸಿಯಮ್ಮಿನ ಬಾಗಿಲುಗಳಲ್ಲಿ ಒಂದೇ ಒಂದು ಜಾತಿಯ ದೊಡ್ಡ ಬಾಗಿಲನ್ನು ಆರಿಸಿ ಮುಚ್ಚುವದು, ಉಳಿದವನ್ನು ಮುಟ್ಟುವದಿಲ್ಲ. ನೂರಾರು ಬಾಗಿಲುಗಳ ನಡುವೆ ಈ ಬಾಗಿಲು ಯಾವ ಕೆಲಸ ಮಾಡುವದೆಂದು ತಿಳಿಯಬೇಕಾದವರು ಇದನ್ನು ಬಳಸುವರು. ಇಂಡಿಯ ಹೊಲದ ಒಡ್ಡಿನಲ್ಲಿ ಕಲ್ಲೆತ್ತಿದರೆ ಓಡಿಹೋಗುವ ಜಾತಿಯ ಚೇಳಿನ ವಿಷ ಲೋಕದ ಪ್ರಯೋಗಶಾಲೆಗಳಲ್ಲಿ ಕೀಲಿಕೈಯಾಗಿ ನಡೆಯುತ್ತಿದೆ.

ವಚನಗಳ ಓಲೆಗಳನ್ನು ಮನೆಮನೆಗೆ ಹೋಗಿ ಹುಡುಕಿ ಕೂಡಿಹಾಕಿದ ಫ. ಗು. ಹಳಕಟ್ಟಿಯವರು ಮತ್ತು ಅವರ ಸಂಗಡಿಗರು 1910ರಲ್ಲಿ ವಿಜಾಪುರದಲ್ಲಿ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಯದೇ ವೈದ್ಯಕೀಯ ವಿದ್ಯಾಲಯ 1986ರಲ್ಲಿ ಆರಂಭವಾಯಿತು. ಪ್ರಾಜೋಸಿನ್ನಿನ ಲೇಖನ ಹೊರಬಿದ್ದ ವರುಷವೇ ಅದು. ಈ ತಾಲೂಕುಗಳ ಹಳ್ಳಿಗಳಿಂದ ವಿಷವೇರಿದವರನ್ನು ಹಿಂದೆ ಚಕ್ಕಡಿಯಲ್ಲಿ ಹಾಕಿಕೊಂಡು ಹೊರಟರೆ ಊರು ಮುಟ್ಟುವಾಗ ಬೆಳಗಾಗುತ್ತಿತ್ತು. ಈಗ ಮೋಟಾರು ಉಂಟು, ಹಾದಿ ಉಂಟು, ತಾಲೂಕಿನ ದವಾಖಾನೆ ಉಂಟು, ಮಾತ್ರೆಯ ಬೆಲೆಯೂ ಅಲ್ಪ.

ಕಡಿದ ಜಾಗವನ್ನು ಕೊಯ್ಯುವದು, ಮೇಲೆ ಬಿಗಿದು ಕಟ್ಟುವದು, ಹೀರುವದು ಯಾವದೂ ಬೇಡ. ಬೇನೆಯೊಂದೇ ಇದ್ದು ಮೈ ಬೆಚ್ಚಗಿದ್ದರೆ ತಣ್ಣೀರಿನ ಬಟ್ಟೆಯನ್ನಿಟ್ಟು ಕಣ್ಣಿಟ್ಟಿರಬೇಕು. ವಾಂತಿ, ಬೆವರು, ತಣ್ಣಗಿನ ಅಂಗಾಲು ಇವುಗಳಲ್ಲಿ ಒಂದು ಕಂಡರೂ, ಮಗುವಾಗಿದ್ದರೆ ಕಾಣುವ ಮೊದಲೇ, ದವಾಖಾನೆಗೆ ಹೊರಡಬೇಕು. ಮಾತ್ರೆಯನ್ನು ತೂಕ ನೋಡಿ ವೈದ್ಯರೇ ಕೊಡುವರು. ಕೊಟ್ಟ ಮೇಲೆ ಮಗುವನ್ನು ಮಲಗಿಸಿಯೇ ಇಡಬೇಕು; ಕಕ್ಕುಲತೆಯಿಂದ ಎತ್ತಿ ಕೂಡ್ರಿಸಿದರೆ ರಕ್ತದೊತ್ತಡ ಒಮ್ಮೆಲೇ ಕುಸಿಯುವದು. ಕೆಲವು ತಾಸುಗಳಿಗೊಮ್ಮೆ ಮಾತ್ರೆ ಮತ್ತೆ ಬೀಳುವದು. ಅಷ್ಟರಲ್ಲಿ ವಿಷವು ಬಾಗಿಲುಗಳಿಂದ ಮೆಲ್ಲಗೆ ಕಳಚಿಕೊಳ್ಳುವದು, ಬಿರಡೆಗಳು ಮತ್ತೆ ತಮ್ಮ ಹೊತ್ತಿಗೆ ಬೀಳತೊಡಗುವವು, ಬೆವರು ಆರುವದು. ಔಷಧ ಹತ್ತಿತೆಂಬುದಕ್ಕೆ ವೈದ್ಯರು ಕಾಯುವ ಗುರುತು ತಾಯಿಗೂ ತಿಳಿಯತಕ್ಕದ್ದೇ: ಮಗುವಿನ ಅಂಗಾಲನ್ನು ಹಿಡಿದು ಕುಳಿತ ಅವಳ ಅಂಗೈಗೆ ಅದು ಬೆಚ್ಚಗೆ ತಾಕುವದು.